ಓದುಗರ ಪ್ರಶ್ನೆ: ಇಂಟೆಲ್ ನಾಲ್ಕು ಕೋರಿಗೇ ನಿಂತದ್ದು ಯಾಕೆ?

ಪ್ರಶ್ನೆ: 2007ರ ಇಂಟೆಲ್ ಪ್ರೊಸೆಸರ್ ಕ್ಯೂ6600ರಲ್ಲೂ ನಾಲ್ಕು ಕೋರ್ (ಲೆಕ್ಕ ಮಾಡುವ ಘಟಕ), 2017ರ ಜನವರಿಯಲ್ಲಿ ಬಂದ ಐ7-7700ಕೆಯಲ್ಲೂ ನಾಲ್ಕೇ. ಇದು ಇಂಟೆಲ್‌ನ ಸೋಮಾರಿತನವೋ, ಕೈಲಾಗಲಿಲ್ಲವೋ?

ಉತ್ತರ: ಎರಡೂ ಹೌದು, ಒಂದಾದ ಮೇಲೊಂದು. ಮೊದಲಿನದು ಬೇಕೆಂದೇ ಮಾಡಿದ್ದು. 2011ರಲ್ಲಿ ಎದುರಾಳಿ ಕಂಪನಿ ಎಎಂಡಿ ತಂದ ಬುಲ್ಡೋಜರ್ ಎಂಬ ಪ್ರೊಸೆಸರ್ ವಿನ್ಯಾಸ ನೆಲಕಚ್ಚಿತ್ತು. ಅದರಲ್ಲಿ ಎರಡೆರಡು ಕೋರ್‌ಗಳು ಒಂದೇ ಫ್ಲೋಟಿಂಗ್ ಪಾಯಿಂಟ್ (ದಶಮಾಂಶ ಸಂಖ್ಯೆಗಳ ಲೆಕ್ಕದ) ಘಟಕವನ್ನು ಹಂಚಿಕೊಳ್ಳಬೇಕು, ಸೂಚನೆಗಳನ್ನು ತಂದು ಬಿಡಿಸುವ ಭಾಗವೂ ಇಬ್ಬರಿಗೂ ಸೇರಿ ಒಂದೇ. ‘ಎಂಟು ಕೋರ್’ ಎಂದು ಮಾರಿದ ಎಫ್‌ಎಕ್ಸ್-8150, ಒಂದೇ ಥ್ರೆಡ್ಡಿನ (ಒಂದೇ ಕೋರ್ ದುಡಿಯುವ) ಕೆಲಸಗಳಲ್ಲಿ ಎಷ್ಟೋ ಸಲ ತನ್ನದೇ ಕಂಪನಿಯ ಹಳೆಯ ಫೆನಮ್‌ಗಿಂತ ಹಿಂದೆ ಬೀಳುತ್ತಿತ್ತು. ಎದುರಾಳಿಯೇ ಇಲ್ಲದ ಮೇಲೆ ಇಂಟೆಲ್‌ಗೆ ಯಾವ ಅವಸರ? ಎಂಟು ಕೋರಿನ ಚಿಪ್ ಅದರ ಬಳಿ ಇರಲಿಲ್ಲ ಅಂತಲ್ಲ. ಆದರೆ ಅದಕ್ಕೆ ಬೇರೆ ಸಾಕೆಟ್ (ಪ್ರೊಸೆಸರ್ ಕೂರುವ ಜಾಗ), ಬೇರೆ ಮದರ್‌ಬೋರ್ಡ್, 2016ರ ಐ7-6900ಕೆಗೆ ಸಾವಿರ ಡಾಲರ್ ದಾಟಿದ ಬೆಲೆ. ಸಾಮಾನ್ಯ ಚಿಪ್‌ನಲ್ಲಿ ಉಳಿದ ಜಾಗವೆಲ್ಲ ಒಳಗಿನ ಗ್ರಾಫಿಕ್ಸ್‌ಗೆ ಹೋಯಿತು.

ಆಮೇಲಿನದು ನಿಜಕ್ಕೂ ಕೈಲಾಗದ್ದು. ಚಿಪ್ ತಯಾರಿಕೆಯ 14 ನ್ಯಾನೊಮೀಟರ್ ತಂತ್ರ (ಸಂಖ್ಯೆ ಇಳಿದಷ್ಟೂ ಟ್ರಾನ್ಸಿಸ್ಟರ್ ಚಿಕ್ಕದು) 2014ರಲ್ಲಿ ಬಂತು, 10 ನ್ಯಾನೊಮೀಟರ್ 2016ಕ್ಕೆ ಬರಬೇಕಿತ್ತು. ಒಂದೇ ನೆಗೆತಕ್ಕೆ ಟ್ರಾನ್ಸಿಸ್ಟರ್‌ಗಳ ದಟ್ಟಣೆಯನ್ನು 2.7 ಪಟ್ಟು ಏರಿಸುವ ಗುರಿ. ಚಿಪ್ ಮೇಲೆ ಸೂಕ್ಷ್ಮ ಗೆರೆ ಮೂಡಿಸುವ ಇಯುವಿ (ಅತಿ ನೇರಳಾತೀತ) ಬೆಳಕಿನ ಯಂತ್ರಗಳು ಆಗಿನ್ನೂ ಉತ್ಪಾದನೆಗೆ ಸಿದ್ಧವಿರಲಿಲ್ಲ. ಹಾಗಾಗಿ ಹಳೆಯ 193 ನ್ಯಾನೊಮೀಟರ್ ಬೆಳಕಿನಲ್ಲೇ, ಒಂದು ಗೆರೆಯಿಂದ ನಾಲ್ಕು ಗೆರೆ ಹುಟ್ಟಿಸುವ ಬಹುಹಂತದ ವಿಧಾನ ಹಿಡಿದರು. ಹಂತ ಹೆಚ್ಚಿದಷ್ಟೂ ಗೆರೆ ಸರಿಯುವ ಅಪಾಯ ಹೆಚ್ಚು. ಅದರ ಮೇಲೆ ಅತಿ ಸೂಕ್ಷ್ಮ ತಂತಿಗಳಿಗೆ ತಾಮ್ರದ ಬದಲು ಕೋಬಾಲ್ಟ್ ಬೇರೆ. ವೇಫರಿನಿಂದ, ಅಂದರೆ ಚಿಪ್ ಮಾಡುವ ಸಿಲಿಕಾನ್ ಬಿಲ್ಲೆಯಿಂದ, ಕೆಲಸಕ್ಕೆ ಬರುವ ಚಿಪ್‌ಗಳೇ ಸಾಕಷ್ಟು ಸಿಗಲಿಲ್ಲ. 2018ರಲ್ಲಿ ಹೊರಬಂದದ್ದು ಐ3-8121ಯು: ಎರಡು ಕೋರ್, ಗ್ರಾಫಿಕ್ಸ್ ಬಂದ್. ಡೆಸ್ಕ್‌ಟಾಪಿಗೆ ಈ ತಂತ್ರ ಬಂದಾಗ 2021ರ ನವೆಂಬರ್ ಆಗಿತ್ತು.

ನಮ್ಮ ದೃಷ್ಟಿಯಲ್ಲಿ ನಿಜವಾದ ತಪ್ಪು ತಂತ್ರ ತಡವಾದದ್ದಲ್ಲ. ಪ್ರತಿ ಹೊಸ ಕೋರಿನ ವಿನ್ಯಾಸವನ್ನೂ ಒಂದು ನಿರ್ದಿಷ್ಟ ತಂತ್ರಕ್ಕೆ ಬಿಗಿದು, ಅದು ತಪ್ಪಿದರೆ ಮುಂದೇನು ಎಂದು ಯೋಚಿಸದೆ ಹೋದದ್ದು. 10 ನ್ಯಾನೊಮೀಟರಿಗೆ ಬರೆದ ಕೋರ್ ಅಲ್ಲೇ ಸಿಕ್ಕಿಕೊಂಡಿತು, 2015ರ ಸ್ಕೈಲೇಕ್ ಕೋರನ್ನೇ 2020ರ ಹತ್ತು ಕೋರಿನ ಐ9-10900ಕೆವರೆಗೂ ಎಳೆದರು. ಅದರ ಹೆಸರಿಗೆ 125 ವಾಟ್, ಸ್ವಲ್ಪ ಹೊತ್ತು ಪೂರ್ತಿ ದುಡಿಸಿದರೆ 250. ಮರುವರ್ಷ ಹೊಸ ಕೋರನ್ನು 14 ನ್ಯಾನೊಮೀಟರಿಗೇ ಇಳಿಸಿದಾಗ ಅದು ಎಷ್ಟು ದೊಡ್ಡದಾಯಿತೆಂದರೆ, ಹತ್ತು ಕೋರಿದ್ದ ಕಡೆ ಎಂಟನ್ನೇ ಕೂರಿಸಬೇಕಾಯಿತು.

ಪ್ರಶ್ನೆ: ಅಷ್ಟು ಸೋತಿದ್ದ ಎಎಂಡಿ, ಇಂಟೆಲ್‌ನ ಮುಂದೆ ಏನೇನೂ ಅಲ್ಲದ ಹಣದಲ್ಲಿ ಹೇಗೆ ಎದ್ದಿತು?

ಉತ್ತರ: ಒಂದೇ ಡೈ (ವೇಫರಿನಿಂದ ಕತ್ತರಿಸಿದ ಚಿಪ್ ತುಂಡು) ಮಾಡಿ ಎಲ್ಲ ಕಡೆ ಬಳಸಿತು. 2017ರಲ್ಲಿ ಬಂದ, ಝೆನ್ ಎಂಬ ಹೊಸ ವಿನ್ಯಾಸದ ಮೊದಲ ಡೈಯಲ್ಲಿ ಎಂಟು ಕೋರ್, ಅಳತೆ ಸುಮಾರು 213 ಚದರ ಮಿಲಿಮೀಟರ್. ಒಂದಿಟ್ಟರೆ ಸಾಮಾನ್ಯ ಡೆಸ್ಕ್‌ಟಾಪಿನ ರೈಜನ್, ಎರಡಿಟ್ಟರೆ ದೊಡ್ಡ ಕೆಲಸದ ಡೆಸ್ಕ್‌ಟಾಪಿನ ಥ್ರೆಡ್‌ರಿಪ್ಪರ್, ನಾಲ್ಕಿಟ್ಟರೆ 32 ಕೋರಿನ ಸರ್ವರ್ ಚಿಪ್ ಎಪಿಕ್.

ಲಾಭದ ಲೆಕ್ಕ ಹೀಗೆ. ವೇಫರಿನಲ್ಲಿ ಚದರ ಸೆಂಟಿಮೀಟರಿಗೆ ಸರಾಸರಿ 0.1 ದೋಷ ಇದೆ ಅನ್ನಿ. 800 ಚದರ ಮಿಲಿಮೀಟರಿನ ಒಂದೇ ದೊಡ್ಡ ಡೈ ಮಾಡಿದರೆ ನೂರಕ್ಕೆ ಸುಮಾರು 45 ಮಾತ್ರ ದೋಷವಿಲ್ಲದೆ ಬರುತ್ತವೆ. ಅದನ್ನೇ 200ರ ನಾಲ್ಕು ತುಂಡು ಮಾಡಿದರೆ ನೂರಕ್ಕೆ 82. ಒಂದೆರಡು ಕೋರ್ ಕೆಟ್ಟ ತುಂಡೂ ದಂಡವಲ್ಲ, ಅದು ಆರು ಕೋರಿನ ಅಗ್ಗದ ಮಾದರಿಯಾಗುತ್ತದೆ. ಹೀಗಾಗಿಯೇ 499 ಡಾಲರಿಗೆ ಎಂಟು ಕೋರಿನ ರೈಜನ್ 1800ಎಕ್ಸ್ ಕೊಡಲು ಸಾಧ್ಯವಾದದ್ದು.

ತೊಂದರೆಯೂ ಇತ್ತು. ಬೇಕಾದ ಮಾಹಿತಿ ಪಕ್ಕದ ಡೈಗೆ ಸೇರಿದ ಮೆಮೊರಿಯಲ್ಲಿದ್ದರೆ ಕಾಯಬೇಕು. ಡೇಟಾಬೇಸ್ ಕೆಲಸಗಳಲ್ಲಿ ಇದು ಎದ್ದು ಕಾಣುತ್ತಿತ್ತು. ಒಳಗಿನ ಸಂಪರ್ಕದ ವೇಗ ಮೆಮೊರಿಯ ವೇಗಕ್ಕೇ ಕಟ್ಟುಬಿದ್ದಿತ್ತು: ಡಿಡಿಆರ್4-2133 ರ‍್ಯಾಮ್ ಹಾಕಿದರೆ 1066 ಮೆಗಾಹರ್ಟ್ಸ್, 3200 ಹಾಕಿದರೆ 1600. ಅಗ್ಗದ ರ‍್ಯಾಮ್ ಹಾಕಿ ‘ರೈಜನ್ ನಿಧಾನ’ ಎಂದು ದೂರಿದವರು ಬಹಳ. 2019ರಲ್ಲಿ ಮೆಮೊರಿಯ ಕೆಲಸವನ್ನೆಲ್ಲ ನಡುವಿನ ಒಂದು ಡೈಗೆ ಕೊಟ್ಟು, ಕೋರ್‌ಗಳನ್ನು ತೈವಾನಿನ ಚಿಪ್ ತಯಾರಕ ಟಿಎಸ್‌ಎಂಸಿಯ 7 ನ್ಯಾನೊಮೀಟರಿಗೆ ಒಯ್ದ ಮೇಲೆ ಸರ್ವರ್‌ಗಳಲ್ಲಿನ ಈ ಏರುಪೇರು ಬಹುಮಟ್ಟಿಗೆ ಹೋಯಿತು. ಎಎಂಡಿ 2009ರಲ್ಲಿ ಸ್ವಂತ ಕಾರ್ಖಾನೆಗಳನ್ನು ಬೇರ್ಪಡಿಸಿದ್ದನ್ನು ದೂರದೃಷ್ಟಿ ಎಂದು ಹೊಗಳುವವರಿದ್ದಾರೆ. ಅದು ಜೇಬು ಖಾಲಿಯಾಗಿ ಮಾಡಿದ ಕೆಲಸ, ಹತ್ತು ವರ್ಷದ ಮೇಲೆ ಅನುಕೂಲಕ್ಕೆ ಬಂತು, ಅಷ್ಟೆ.

ಪ್ರಶ್ನೆ: ಹಾಗಾದರೆ ಎಎಂಡಿ ಗ್ರಾಹಕರ ಪರ ಎನ್ನಬಹುದೇ?

ಉತ್ತರ: ಹಿಂದೆ ಇರುವವರೆಗೆ. 2020ರಲ್ಲಿ ಮುಂದೆ ಬಂದದ್ದೇ ತಡ, ರೈಜನ್ 5000 ಸರಣಿಗೆ 50 ಡಾಲರ್ ಏರಿಸಿತು: 3600ಎಕ್ಸ್ 249 ಇತ್ತು, 5600ಎಕ್ಸ್ 299. ಆ ಸರಣಿಯ ಪ್ರೊಸೆಸರುಗಳು ಹಳೆಯ 400 ಸರಣಿಯ ಬೋರ್ಡುಗಳಲ್ಲಿ ನಡೆಯುವುದಿಲ್ಲವೆಂದೂ ಹೇಳಿತ್ತು, ಗಲಾಟೆಯಾದ ಮೇಲೆ ಮಾತು ಬದಲಿಸಿತು. ಇನ್ನೂ ಹಳೆಯ 300 ಸರಣಿಯ ಬೋರ್ಡುಗಳಿಗೆ ಅವಕಾಶ ಸಿಕ್ಕಿದ್ದು 2022ರಲ್ಲಿ, ಇಂಟೆಲ್ ಮತ್ತೆ ಮೈಕೊಡವಿ ಎದ್ದ ಮೇಲೆ.

ಪ್ರಶ್ನೆ: ನನ್ನದು 300 ಸರಣಿಯ ಬಿ350 ಬೋರ್ಡ್, ರೈಜನ್ 5 1600. 5000 ಸರಣಿಯ 5800ಎಕ್ಸ್3ಡಿ ಹಾಕಬಹುದೇ?

ಉತ್ತರ: ಬೋರ್ಡ್ ತಯಾರಕರ ಪಟ್ಟಿಯಲ್ಲಿ ಆ ಪ್ರೊಸೆಸರಿನ ಹೆಸರೂ ಅದಕ್ಕೆ ಬೇಕಾದ ಬಯೋಸ್ (ಬೋರ್ಡಿನ ಒಳ ತಂತ್ರಾಂಶ) ಆವೃತ್ತಿಯೂ ಇದ್ದರೆ ಹಾಕಬಹುದು. ಹಳೆಯ 1600 ಇರುವಾಗಲೇ ಬಯೋಸ್ ಬದಲಿಸಿ. ಕೆಲವು ಬೋರ್ಡುಗಳಲ್ಲಿ ನಡುವಿನ ಒಂದು ಆವೃತ್ತಿಯನ್ನು ಮೊದಲು ಹಾಕಬೇಕಾಗುತ್ತದೆ, ತಯಾರಕರ ಟಿಪ್ಪಣಿ ಓದಿ. ಬಯೋಸ್ ಕಡತ ಹಾಕುವ ಪೆನ್‌ಡ್ರೈವ್ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಲಿ. ವಿಂಡೋಸ್‌ನಲ್ಲಿ ಬಿಟ್‌ಲಾಕರ್ (ಡಿಸ್ಕಿನ ಮಾಹಿತಿಗೆ ಹಾಕುವ ಬೀಗ) ಇದ್ದರೆ ಮೊದಲೇ ತಡೆಹಿಡಿಯಿರಿ, ಇಲ್ಲವಾದರೆ ಪ್ರೊಸೆಸರ್ ಬದಲಾದ ಮೇಲೆ ರಿಕವರಿ ಕೀ ಕೇಳುತ್ತದೆ.

ಹೆಚ್ಚಿನವರು ಎಡವುವುದು ಕೂಲರ್ ತೆಗೆಯುವಾಗ. ಈ ಬೋರ್ಡಿನ ಸಾಕೆಟ್ ಎಎಂ4. ಅದರಲ್ಲಿ ಪಿನ್‌ಗಳು ಪ್ರೊಸೆಸರಿನಲ್ಲೇ ಇವೆ, ಸಾಕೆಟ್ ಅದನ್ನು ಮೇಲಿನಿಂದ ಒತ್ತಿ ಹಿಡಿಯುವುದಿಲ್ಲ. ಒಣಗಿದ ಥರ್ಮಲ್ ಪೇಸ್ಟ್ ಅಂಟಿಕೊಂಡು ಕೂಲರ್ ಜೊತೆ ಪ್ರೊಸೆಸರೂ ಕಿತ್ತು ಬರುತ್ತದೆ, ಪಿನ್ ಬಾಗುತ್ತದೆ. ಹತ್ತು ನಿಮಿಷ ಕಂಪ್ಯೂಟರನ್ನು ದುಡಿಸಿ ಬಿಸಿ ಮಾಡಿ, ಆರಿಸಿ, ಪ್ಲಗ್ ತೆಗೆದು, ಕೊಕ್ಕೆ ಬಿಚ್ಚಿ, ಕೂಲರನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ತಿರುಚಿ. ಅಂಟು ಬಿಟ್ಟದ್ದು ಕೈಗೆ ಗೊತ್ತಾಗುತ್ತದೆ. ಆಮೇಲೆ ಎತ್ತಿ.

ಪ್ರಶ್ನೆ: ಬಳಸಿದ ಇಂಟೆಲ್ ಐ9-13900ಕೆ ಅಗ್ಗಕ್ಕೆ ಸಿಗುತ್ತಿದೆ. ಕೊಳ್ಳಬಹುದೇ?

ಉತ್ತರ: ಪರೀಕ್ಷಿಸದೆ ಬೇಡ. 13 ಮತ್ತು 14ನೇ ಪೀಳಿಗೆಯ ಹೆಚ್ಚು ವಾಟಿನ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಅತಿ ವೋಲ್ಟೇಜ್ ಹೋಗಿ, ಕೋರಿನ ಕ್ಲಾಕ್ (ಕೆಲಸಕ್ಕೆ ತಾಳ ಹಾಕುವ) ಸರ್ಕ್ಯೂಟ್ ಸವೆಯುತ್ತಿತ್ತು. 2024ರಲ್ಲಿ ಬಂದ ಮೈಕ್ರೊಕೋಡ್ (ಪ್ರೊಸೆಸರಿನ ಒಳ ಸೂಚನೆಗಳ ತಿದ್ದುಪಡಿ) ಮುಂದಿನ ಸವೆತವನ್ನು ತಡೆಯುತ್ತದೆ, ಆಗಲೇ ಸವೆದದ್ದನ್ನು ಸರಿಮಾಡದು. ಸವೆದ ಚಿಪ್‌ನ ಗುರುತು: ದೊಡ್ಡ ಸಂಕುಚಿತ ಕಡತ ಬಿಚ್ಚುವಾಗ ದೋಷ, ಆಟದಲ್ಲಿ ಶೇಡರ್ (ಚಿತ್ರ ಬಿಡಿಸುವ ಕಿರು ಪ್ರೋಗ್ರಾಮ್) ತಯಾರಾಗುವಾಗ ಗ್ರಾಫಿಕ್ಸ್ ಮೆಮೊರಿ ಸಾಲದು ಎಂಬ ಸುಳ್ಳು ಎಚ್ಚರಿಕೆ. ಬಯೋಸ್‌ನಲ್ಲಿ ಮೈಕ್ರೊಕೋಡ್ 0ಎಕ್ಸ್12ಬಿ ಅಥವಾ ಅದಕ್ಕಿಂತ ಹೊಸದಿದೆಯೇ ನೋಡಿ. ಇಂಟೆಲ್ ಈ ಚಿಪ್‌ಗಳ ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿದೆ. ಮಾರುವವರು ಮೂಲ ಬಿಲ್ಲನ್ನೂ ಪೆಟ್ಟಿಗೆಯ ಸರಣಿ ಸಂಖ್ಯೆಯನ್ನೂ ಕೊಡದಿದ್ದರೆ ಬಿಡಿ.