ಅಪಸ್ಮಾರವಿರುವ ಮಗಳನ್ನು ಮೈದಾನಕ್ಕೆ ಕಳುಹಿಸಿ ಎಂದದ್ದೇಕೆ

ಅಪಸ್ಮಾರದ ಫಿಟ್ಸ್ ಬರುತ್ತದೆಂದು ಮಕ್ಕಳನ್ನು ಮನೆಯಲ್ಲೇ ಕೂರಿಸಿ, ಕೆಲವು ವರ್ಷಗಳ ಮೇಲೆ ‘ನೆನಪು ನಿಲ್ಲುವುದಿಲ್ಲ’ ಎಂದು ನನ್ನಲ್ಲಿಗೆ ಕರೆತರುವ ಹೆತ್ತವರು ಕಡಿಮೆಯಾಗುತ್ತಿಲ್ಲ. ಗುರುತು ಸಿಗದಂತೆ ವಿವರ ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿರುವುದು ಅದಕ್ಕಾಗಿಯೇ.

ಉಡುಪಿ ಹತ್ತಿರದ ಹುಡುಗಿ, ಬಿ.ಕಾಂ. ವಿದ್ಯಾರ್ಥಿನಿ. ಮೆದುಳಿನ ಟೆಂಪೊರಲ್ ಭಾಗದಲ್ಲಿ ಹುಟ್ಟುವ ಅಪಸ್ಮಾರ. ಮಾತ್ರೆಯಿಂದ ಬಹುಮಟ್ಟಿಗೆ ಹತೋಟಿಯಲ್ಲಿತ್ತು. ಹೈಸ್ಕೂಲಿನಲ್ಲಿ ಥ್ರೋಬಾಲ್ ಆಡುತ್ತಿದ್ದವಳು ಒಮ್ಮೆ ಮೈದಾನದಲ್ಲಿ ಬಿದ್ದಳು. ಅಂದಿನಿಂದ ಆಟ ನಿಂತಿತು, ಬಸ್ ನಿಲ್ದಾಣದವರೆಗಿನ ನಡಿಗೆಯೂ ನಿಂತಿತು.

ಎರಡನೆಯ ಭೇಟಿಯಲ್ಲಿ ತಂದೆಯೇ ಹೆಚ್ಚು ಮಾತನಾಡಿದರು. “ನಿನ್ನೆ ಮಧ್ಯಾಹ್ನ ಊಟಕ್ಕೆ ಏನು ಪದಾರ್ಥ ಎಂದು ಕೇಳಿದರೆ ಹೇಳಲಾಗುವುದಿಲ್ಲ ಮೇಡಂ. ಪಾಠ ಹೇಗೆ ತಲೆಯಲ್ಲಿ ಉಳಿಯುತ್ತದೆ?” ದಿನವೂ ರಾತ್ರಿ ಅವರು ಹೀಗೆ ಪರೀಕ್ಷೆ ಮಾಡುತ್ತಿದ್ದರಂತೆ. ಹುಡುಗಿ ತಲೆಯೆತ್ತಿದಳು. “ಅಪ್ಪ, ನಾನು ಆಡಿದ ಪಂದ್ಯಗಳನ್ನು ಕೇಳಿ, ಎದುರು ತಂಡದ ಹೆಸರು ಸಮೇತ ಹೇಳುತ್ತೇನೆ. ಈಗ ನೆನಪಿಟ್ಟುಕೊಳ್ಳುವಂಥದ್ದು ನನಗೆ ಏನು ನಡೆಯುತ್ತದೆ?” ತಂದೆ ಉತ್ತರಿಸಲಿಲ್ಲ. ತಾಯಿ ಮಾತ್ರ, “ಅವಳು ಹೇಳುವುದು ಹೌದು” ಎಂದರು. ಗಂಡನ ಮಾತಿಗೆ ಎದುರಾಗಿ ಅವರು ಆಡಿದ ಮೊದಲ ಮಾತು ಅದು.

ಮರೆವೆಲ್ಲಕ್ಕೂ ಆ ಮಾತಿನಲ್ಲೇ ಕಾರಣ ಸಿಕ್ಕಿತೆಂದು ನಾನು ತಿಳಿಯಲಿಲ್ಲ. ಹೊಸ ನೆನಪು ಕಟ್ಟುವ ಹಿಪೊಕ್ಯಾಂಪಸ್ ಇರುವುದು ಅವಳ ಕಾಯಿಲೆ ಹುಟ್ಟುವ ಭಾಗದಲ್ಲೇ. ಟೊಪಿರಮೇಟ್‌ನಂಥ ಕೆಲವು ಅಪಸ್ಮಾರದ ಮಾತ್ರೆಗಳಿಂದ ಮಾತಿಗೆ ಪದ ಸಿಗದಂತಾಗುವುದುಂಟು. ನಿದ್ರೆಗೇಡು, ಖಿನ್ನತೆಗಳೂ ನೆನಪನ್ನು ಕುಂದಿಸುತ್ತವೆ. ಆದರೆ ಕಾಯಿಲೆ ಕಸಿದುಕೊಂಡದ್ದರ ಮೇಲೆ ಮನೆಯವರ ಭಯವೂ ಒಂದಷ್ಟನ್ನು ಕಸಿದುಕೊಂಡಿತ್ತು. ಅದನ್ನಾದರೂ ಹಿಂದಿರುಗಿಸಲು ಸಾಧ್ಯವಿತ್ತು.

ಅವಳ ನರರೋಗ ತಜ್ಞರ ಒಪ್ಪಿಗೆ ಪಡೆದ ಮೇಲೆಯೇ ನಾನು ನಡಿಗೆ ಸೂಚಿಸಿದೆ. ಇದನ್ನು ಒತ್ತಿ ಹೇಳುತ್ತೇನೆ, ಏಕೆಂದರೆ ‘ಫಿಟ್ಸ್ ಇರುವವಳನ್ನು ಮೈದಾನಕ್ಕೆ ಕಳುಹಿಸುತ್ತೀರಾ’ ಎಂದು ನನ್ನನ್ನು ಕೇಳಿದವರಿದ್ದಾರೆ. ಅಮೆರಿಕದಲ್ಲಿ 120 ಹಿರಿಯರ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ ಮೂರು ದಿನ 40 ನಿಮಿಷ ನಡೆದವರ ಹಿಪೊಕ್ಯಾಂಪಸ್ ವರ್ಷದೊಳಗೆ ಸುಮಾರು ಶೇ. 2ರಷ್ಟು ಹಿಗ್ಗಿತ್ತು. ಅವರಿಗೆ ಅಪಸ್ಮಾರವಿರಲಿಲ್ಲ ಎಂಬುದನ್ನೂ ತಂದೆಗೆ ಹೇಳಿದೆ. ನಾರ್ವೆಯಲ್ಲಿ, ಮಾತ್ರೆಗೆ ಬಗ್ಗದ ಅಪಸ್ಮಾರವಿದ್ದ 15 ಮಹಿಳೆಯರು 15 ವಾರ ವ್ಯಾಯಾಮ ಮಾಡಿದಾಗ ಅವರಿಗೆ ಬರುತ್ತಿದ್ದ ಫಿಟ್ಸ್ ಕಡಿಮೆಯಾಗಿದ್ದವು. ಚಿಕ್ಕ ಅಧ್ಯಯನ, ನಿಜ. ಆದರೆ ಮೈ ದಣಿದರೆ ಫಿಟ್ಸ್ ಬಂದೇ ಬರುತ್ತದೆ ಎಂಬ ನಂಬಿಕೆಗೆ ಅದು ಸರಿಯಾದ ಉತ್ತರ. ವ್ಯಾಯಾಮದಿಂದಲೇ ಫಿಟ್ಸ್ ಬರುವವರು ಇದ್ದಾರೆ, ಆದರೆ ಅಪರೂಪ.

ಬೆಳಗಿನ ಮಾತ್ರೆ, ತಿಂಡಿ ಮುಗಿಸಿ ತಾಯಿಯೊಂದಿಗೆ ಅಜ್ಜರಕಾಡು ಮೈದಾನದಲ್ಲಿ 20 ನಿಮಿಷ ನಡೆಯಬೇಕು, ನಿಧಾನವಾಗಿ 40ಕ್ಕೆ ಏರಿಸಬೇಕು. ನಡಿಗೆಗಾಗಿ ನಿದ್ರೆ ಕಡಿಮೆ ಮಾಡಬಾರದು. ನಿದ್ರೆಗೆಟ್ಟರೆ ಫಿಟ್ಸ್ ಬರುವ ಸಂಭವ ಹೆಚ್ಚು. ನಮ್ಮ ಕರಾವಳಿಯ ಸೆಕೆಯಲ್ಲಿ ನೀರು ಕೈಯಲ್ಲಿರಲಿ. ಕೆರೆ, ಸಮುದ್ರಕ್ಕೆ ಒಬ್ಬಳೇ ಇಳಿಯುವುದು ಬೇಡವೇ ಬೇಡ. ಫಿಟ್ಸ್ ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಗಡಿಯಾರ ನೋಡಿ. ಬಾಯಿಗೆ ಏನೂ ತುರುಕಬೇಡಿ. ಕೈಗೆ ಬೀಗದ ಕೈ ಕೊಡುವುದರಿಂದ ಪ್ರಯೋಜನವಿಲ್ಲ. ಐದು ನಿಮಿಷ ದಾಟಿದರೆ ಆಸ್ಪತ್ರೆ. ನಡಿಗೆ ಯಾವ ಕಾರಣಕ್ಕೂ ಮಾತ್ರೆಗೆ ಬದಲಿಯಲ್ಲ. ರಾತ್ರಿಯ ಪರೀಕ್ಷೆಯನ್ನು ನಿಲ್ಲಿಸಲೇಬೇಕೆಂದು ತಂದೆಗೆ ಸ್ವಲ್ಪ ಗಡುಸಾಗಿಯೇ ಹೇಳಿದೆ.

ಕೆಲವು ತಿಂಗಳ ಬಳಿಕ ಬಂದಾಗಲೂ ಅವಳಿಗೆ ಕೆಲವು ಹೆಸರುಗಳು ಮರೆಯುತ್ತಿದ್ದವು. ನಿದ್ರೆ ಸುಧಾರಿಸಿತ್ತು, ಓದಲು ಕುಳಿತರೆ ಎದ್ದು ಹೋಗುತ್ತಿರಲಿಲ್ಲ. ಮೈದಾನದಲ್ಲಿ ಯಾರು ಸಿಕ್ಕಿದರು, ಯಾರ ನಾಯಿ ಯಾರ ಹಿಂದೆ ಓಡಿತು ಎಂದು ತಾನಾಗಿಯೇ ಹೇಳುತ್ತಾ ಹೋದಳು. ಥ್ರೋಬಾಲ್‌ಗೆ ತಂದೆ ಇನ್ನೂ ಒಪ್ಪಿಲ್ಲ. ಅವರ ಭಯದ ಬಗ್ಗೆಯೇ ಮಾತನಾಡಲು ಮುಂದಿನ ಭೇಟಿಗೆ ಅವರೊಬ್ಬರನ್ನೇ ಕರೆದಿದ್ದೇನೆ.