2023ರ ಕನ್ನಡ ಸಿನಿಮಾಗಳಲ್ಲಿ ಯಾವುದನ್ನು ನೋಡಬಹುದು?

ನಿಮ್ಮ ಪ್ರಶ್ನೆ ಇಷ್ಟು: ಕೆಲಸದ ಗಡಿಬಿಡಿಯಲ್ಲಿ 2023ರ ಒಂದೇ ಒಂದು ಕನ್ನಡ ಸಿನಿಮಾ ನೋಡಲು ಆಗಲಿಲ್ಲ, ‘ಕಾಂತಾರ’ ಆದಮೇಲೆ ನೋಡುವಂಥದ್ದು ಏನೂ ಬಂದಿಲ್ಲ ಅಂತ ಗೆಳೆಯರು ಹೇಳುತ್ತಾರೆ, ಇದು ನಿಜವಾ, ಇಲ್ಲವಾದರೆ ಯಾವುದರಿಂದ ಶುರು ಮಾಡಲಿ?

ನಿಜ ಅಲ್ಲ. ಆದರೆ ನಿಮ್ಮ ಗೆಳೆಯರು ಯಾಕೆ ಹಾಗೆ ಹೇಳುತ್ತಾರೆ ಅನ್ನುವುದು ಗೊತ್ತಾಗುತ್ತದೆ. 2022 ಹೇಗಿತ್ತು ನೆನಪಿದೆಯಲ್ಲ? ಮಾರ್ಚ್‌ನಲ್ಲಿ ಅಪ್ಪು ಅವರ ‘ಜೇಮ್ಸ್’, ಏಪ್ರಿಲ್‌ನಲ್ಲಿ ‘ಕೆಜಿಎಫ್ 2’, ಜೂನ್‌ನಲ್ಲಿ ‘777 ಚಾರ್ಲಿ’, ಜುಲೈನಲ್ಲಿ ‘ವಿಕ್ರಾಂತ್ ರೋಣ’, ಸೆಪ್ಟೆಂಬರ್ ಕೊನೆಗೆ ‘ಕಾಂತಾರ’. ದೇಶವೆಲ್ಲ ನಮ್ಮ ಕಡೆ ತಿರುಗಿ ನೋಡಿದ ವರ್ಷ ಅದು. ಅದರ ಬೆನ್ನಿಗೇ ಬಂದ ವರ್ಷದಲ್ಲಿ ಅಂಥದ್ದೇ ಅಬ್ಬರ ಹುಡುಕಿದರೆ ಸಿಗುವುದಿಲ್ಲ. ‘ಕಬ್ಜ’ ಆ ಜಾಗ ತುಂಬುತ್ತದೆ ಅಂತ ಮಾರ್ಚ್‌ನಲ್ಲಿ ದೊಡ್ಡ ಸದ್ದಾಯಿತು. ಉಪೇಂದ್ರ, ಸುದೀಪ್, ಶಿವಣ್ಣ ಮೂವರೂ ಇದ್ದರು. ಆದರೆ ಮಸಿ ಬಳಿದಂಥ ಆ ಬಣ್ಣ, ಆ ಕೋಟೆಕೊತ್ತಲ, ಆ ಹಿನ್ನೆಲೆ ದನಿ ಎಲ್ಲ ಎಲ್ಲೋ ನೋಡಿದ್ದೇ ಅನ್ನಿಸುತ್ತಿತ್ತು. ನನಗೆ ಅರ್ಧಕ್ಕೇ ಸಾಕಾಯಿತು.

ಹಾಗಾಗಿ ಕಲೆಕ್ಷನ್ ಲೆಕ್ಕ ಪಕ್ಕಕ್ಕಿಡಿ. 2023ರಲ್ಲಿ ಗಟ್ಟಿಯಾಗಿದ್ದದ್ದು ಸಣ್ಣ ಬಜೆಟ್ಟಿನ, ಬರವಣಿಗೆ ಚೆನ್ನಾಗಿರುವ ಸಿನಿಮಾಗಳು. ಸುಮಾರು ಚಿತ್ರಗಳು ಥಿಯೇಟರಿಗೆ ಬಂದದ್ದೂ ಹೋದದ್ದೂ ಯಾರಿಗೂ ಗೊತ್ತಾಗಲಿಲ್ಲ. ಬಾಯಿಂದ ಬಾಯಿಗೆ ಸುದ್ದಿ ಹರಡುವಷ್ಟರಲ್ಲಿ ಶೋಗಳು ಬೆಳಗ್ಗೆ ಹತ್ತು ಗಂಟೆಗೆ ಇಳಿದಿರುತ್ತಿದ್ದವು. ಕೆಲಸಕ್ಕೆ ಹೋಗುವವರು ಹತ್ತು ಗಂಟೆಗೆ ಯಾವ ಸಿನಿಮಾ ನೋಡುತ್ತಾರೆ ಹೇಳಿ.

ಮೊದಲು ‘ಡೇರ್‌ಡೆವಿಲ್ ಮುಸ್ತಾಫಾ’ ನೋಡಿ. ಮೇ ತಿಂಗಳಲ್ಲಿ ಬಂದದ್ದು, ಶಶಾಂಕ್ ಸೋಗಾಲ್ ನಿರ್ದೇಶನ. ಪೂರ್ಣಚಂದ್ರ ತೇಜಸ್ವಿಯವರ ಸಣ್ಣಕಥೆಯೇ ಇದಕ್ಕೆ ಆಧಾರ. ‘ಅಬಚೂರಿನ ಪೋಸ್ಟಾಫೀಸು’ ಸಂಕಲನದಲ್ಲಿ ಆ ಕಥೆಯಿದೆ. ಗಿರೀಶ್ ಕಾಸರವಳ್ಳಿಯವರಿಗೆ ರಾಷ್ಟ್ರಪ್ರಶಸ್ತಿಯ ಸ್ವರ್ಣಕಮಲ ತಂದುಕೊಟ್ಟ ‘ತಬರನ ಕಥೆ’ಯೂ ಅದೇ ಪುಸ್ತಕದ್ದು. ಈ ಚಿತ್ರಕ್ಕೆ ದುಡ್ಡು ಹಾಕಿದವರು ಯಾರು ಗೊತ್ತಾ? ತೇಜಸ್ವಿಯವರ ಓದುಗರು. ನಿರ್ಮಾಪಕರು ಸಿಗದೆ ಇದ್ದಾಗ ಅವರೇ ಕೈಲಾದಷ್ಟು ಹಣ ಸೇರಿಸಿ ಚಿತ್ರ ಮಾಡಿಸಿದರು. ಆಮೇಲೆ ಡಾಲಿ ಧನಂಜಯ ಅರ್ಪಿಸಲು ಮುಂದೆ ಬಂದರು.

ಕಥೆ ಸರಳ. ಅಬಚೂರು ಅನ್ನುವ ಸಣ್ಣ ಊರಿನ ಕಾಲೇಜಿಗೆ ಒಬ್ಬ ಮುಸ್ಲಿಂ ಹುಡುಗ ಬಂದು ಸೇರುತ್ತಾನೆ. ಅಲ್ಲಿಯವರೆಗೆ ಆ ಕ್ಲಾಸಿನಲ್ಲಿ ಅಂಥವನೊಬ್ಬ ಇರಲೇ ಇಲ್ಲ. ಅವನ ಬಗ್ಗೆ ಒಬ್ಬೊಬ್ಬರೂ ಒಂದೊಂದು ಕಥೆ ಕಟ್ಟುತ್ತಾರೆ. ಅಯ್ಯಂಗಾರಿ ಮನೆತನದ ರಾಮಾನುಜನಿಗೂ ಅವನಿಗೂ ಮೊದಲ ದಿನದಿಂದಲೇ ಜಟಾಪಟಿ. ಇವತ್ತಿನ ಹವೆಯಲ್ಲಿ ಈ ವಿಷಯ ಎತ್ತಿಕೊಂಡರೆ ಭಾಷಣ ಮಾಡುವ ಆಸೆ ಯಾರಿಗಾದರೂ ಬರುತ್ತದೆ. ಇಲ್ಲಿ ಹಾಗೆ ಆಗಿಲ್ಲ, ಅದೇ ಖುಷಿ. ಹುಡುಗರು ಹುಡುಗರ ಹಾಗೇ ಜಗಳ ಆಡುತ್ತಾರೆ, ಹುಡುಗರ ಹಾಗೇ ರಾಜಿ ಆಗುತ್ತಾರೆ. ಮಧ್ಯೆ ಒಂದು ಕ್ರಿಕೆಟ್ ಮ್ಯಾಚ್ ಬರುತ್ತದೆ. ಅದು ಸ್ವಲ್ಪ ಉದ್ದ ಆಯಿತು ಅನ್ನುವವರಿದ್ದಾರೆ. ನನಗೆ ಅದೇ ಜಾಸ್ತಿ ಹಿಡಿಸಿತು. ಮೂಲ ಕಥೆ ಓದಿದವರಿಗೆ ‘ಇದನ್ನೆಲ್ಲ ಸೇರಿಸಿದ್ದಾರೆ’ ಅನ್ನಿಸಬಹುದು. ನಿಜ, ಸೇರಿಸಿದ್ದಾರೆ. ಕೆಲವೇ ಪುಟದ ಕಥೆಯನ್ನು ಎರಡು ಗಂಟೆಗೂ ಮೀರಿ ಎಳೆಯಬೇಕಾದರೆ ಬೇರೆ ದಾರಿಯಿಲ್ಲ. ಆದರೆ ಸೇರಿಸಿದ್ದರಲ್ಲೂ ತೇಜಸ್ವಿಯವರ ತುಂಟತನ ಉಳಿದಿದೆ. ಮುಸ್ತಾಫಾ ಆಗಿ ಶಿಶಿರ್ ಬೈಕಾಡಿ, ರಾಮಾನುಜ ಆಗಿ ಆದಿತ್ಯ ಆಶ್ರೀ, ಇಬ್ಬರೂ ಚೆನ್ನಾಗಿ ಮಾಡಿದ್ದಾರೆ. ಮನೆಮಂದಿ ಎಲ್ಲ ಕೂತು ನೋಡಬಹುದು.

ಇನ್ನು ಎಲ್ಲರೂ ಹೇಳುವ ‘ಸಪ್ತ ಸಾಗರದಾಚೆ ಎಲ್ಲೋ’. ಇದರ ಬಗ್ಗೆ ಸ್ವಲ್ಪ ಜಾಸ್ತಿ ಮಾತಾಡುತ್ತೇನೆ, ಯಾಕೆಂದರೆ ಅರ್ಧ ಜನ ಇದನ್ನು ತಪ್ಪು ಮನಸ್ಥಿತಿಯಲ್ಲಿ ನೋಡಿ ‘ತುಂಬ ನಿಧಾನ ಗುರು’ ಅಂತ ಎದ್ದು ಹೋಗಿದ್ದಾರೆ.

ಹೇಮಂತ್ ಎಂ. ರಾವ್ ನಿರ್ದೇಶನದ ಈ ಚಿತ್ರ ಎರಡು ಭಾಗಗಳಲ್ಲಿ ಬಂತು. ಸೈಡ್ ಎ ಸೆಪ್ಟೆಂಬರ್ 1ಕ್ಕೆ, ಸೈಡ್ ಬಿ ನವೆಂಬರ್ 17ಕ್ಕೆ. ಹೆಸರು ಗೋಪಾಲಕೃಷ್ಣ ಅಡಿಗರ ಕವನದಿಂದ ತೆಗೆದುಕೊಂಡದ್ದು. ‘ಅಮೆರಿಕಾ ಅಮೆರಿಕಾ’ ಚಿತ್ರದಿಂದಾಗಿ ಎಲ್ಲರ ಬಾಯಲ್ಲಿ ಕೂತಿರುವ ‘ಯಾವ ಮೋಹನ ಮುರಳಿ’ ಇದೆಯಲ್ಲ, ಅದೇ. ಮನು (ರಕ್ಷಿತ್ ಶೆಟ್ಟಿ) ಸಿರಿವಂತರ ಮನೆಯ ಡ್ರೈವರ್. ಪ್ರಿಯಾ (ರುಕ್ಮಿಣಿ ವಸಂತ್) ಹಾಡುವ ಹುಡುಗಿ. ಸಮುದ್ರದ ಪಕ್ಕ ಒಂದು ಮನೆ ಮಾಡಬೇಕು ಅನ್ನುವುದು ಅವಳ ಆಸೆ. ದುಡ್ಡಿನ ಆಸೆಗೆ ಮನು ಬೇರೆಯವರು ಮಾಡಿದ ಅಪಘಾತವನ್ನು ತನ್ನ ತಲೆ ಮೇಲೆ ಹಾಕಿಕೊಳ್ಳುತ್ತಾನೆ. ಬೇಗ ಬಿಡಿಸುತ್ತೇವೆ ಅನ್ನುವ ಮಾತಿನ ಮೇಲೆ ಜೈಲಿಗೆ ಹೋಗುತ್ತಾನೆ. ಆ ಮಾತು ನಡೆಯುವುದಿಲ್ಲ. ಇದಕ್ಕಿಂತ ಮುಂದೆ ನಾನು ಹೇಳುವುದಿಲ್ಲ.

ಸೈಡ್ ಎ ನನ್ನ ಮಟ್ಟಿಗೆ ಆ ವರ್ಷದ ಅತ್ಯುತ್ತಮ ಚಿತ್ರ. ಜೈಲಿನಲ್ಲಿ ಇವರಿಬ್ಬರು ಭೇಟಿಯಾಗುವ ದೃಶ್ಯಗಳನ್ನು ಗಮನಿಸಿ. ಜಾಲರಿಯ ಆಚೆ ಅವನು, ಈಚೆ ಅವಳು. ಸುತ್ತಲೂ ಬೇರೆ ಬೇರೆ ಮನೆಯವರು ತಮ್ಮ ತಮ್ಮ ಕಷ್ಟ ಕೂಗಿಕೊಳ್ಳುತ್ತಿದ್ದಾರೆ. ಪ್ರೀತಿಯ ಮಾತನ್ನೂ ಆ ಗದ್ದಲದ ಮೇಲೆ ಕಿರುಚಿಯೇ ಹೇಳಬೇಕು. ರುಕ್ಮಿಣಿ ಅಲ್ಲಿ ಮಾತಿಗಿಂತ ಕಣ್ಣಲ್ಲೇ ಜಾಸ್ತಿ ಹೇಳುತ್ತಾರೆ. ಅವಳ ದನಿ ತುಂಬಿದ ಕ್ಯಾಸೆಟ್ಟೇ ಆಮೇಲೆ ಅವನಿಗೆ ಆಸರೆ. ಚಿತ್ರದ ಎರಡು ಭಾಗಕ್ಕೆ ‘ಸೈಡ್’ ಅಂತ ಹೆಸರಿಟ್ಟಿರುವುದು ಸುಮ್ನೆ ಅಲ್ಲ. ಸೈಡ್ ಎ ಪೂರ್ತಿ ನೀಲಿ, ಸೈಡ್ ಬಿ ಪೂರ್ತಿ ಕೆಂಪು. ಅದ್ವೈತ ಗುರುಮೂರ್ತಿಯವರ ಕ್ಯಾಮೆರಾ, ಚರಣ್ ರಾಜ್ ಸಂಗೀತ, ಎರಡೂ ಕಥೆಯ ಜೊತೆಗೇ ನಡೆಯುತ್ತವೆ. ಎಲ್ಲೂ ಮೆರೆಯಲು ಹೋಗುವುದಿಲ್ಲ.

ಸೈಡ್ ಬಿ ಬಗ್ಗೆ ಮಾತ್ರ ನನ್ನದು ಸ್ವಲ್ಪ ತಕರಾರು. ಮನು ಹೊರಗೆ ಬಂದಮೇಲಿನ ಕಥೆ ಇದು. ಮಧ್ಯಭಾಗ ಎಳೆದಂತಾಗಿದೆ, ಹೊಡೆದಾಟ ಬೇರೆ ಚಿತ್ರದಿಂದ ಬಂದಂತಿದೆ. ಚೈತ್ರಾ ಜೆ. ಆಚಾರ್ ಮಾಡಿರುವ ಸುರಭಿಯ ಪಾತ್ರ ಇಲ್ಲದಿದ್ದರೆ ಇದು ಇನ್ನೂ ಸೊರಗುತ್ತಿತ್ತು. ಯಾರ ಹತ್ತಿರವೂ ಏನೂ ಬೇಡದೆ ಬದುಕುವ ಹೆಂಗಸು ಇದ್ದಕ್ಕಿದ್ದಂತೆ ಒಬ್ಬನ ಮೇಲೆ ಆಸೆ ಇಟ್ಟುಕೊಂಡರೆ ಹೇಗಿರುತ್ತದೆ ಅನ್ನುವುದನ್ನು ಆಕೆ ಎಷ್ಟು ಹಗುರವಾಗಿ ತೋರಿಸುತ್ತಾರೆ! ಥಿಯೇಟರಿನಲ್ಲಿ ನೋಡಿದವರು ಎರಡು ಭಾಗಕ್ಕೂ ನಡುವೆ ಹನ್ನೊಂದು ವಾರ ಕಾದರು. ನಿಮಗೆ ಆ ಕಷ್ಟವಿಲ್ಲ. ಆದರೂ ಒಂದೇ ರಾತ್ರಿ ಎರಡನ್ನೂ ನೋಡಬೇಡಿ. ಸೈಡ್ ಎ ಮುಗಿಸಿ ಒಂದೆರಡು ದಿನ ಬಿಡಿ. ಮೊಬೈಲ್ ದೂರ ಇಡಿ, ಹೆಡ್‌ಫೋನ್ ಇದ್ದರೆ ಹಾಕಿಕೊಳ್ಳಿ. ಮನಸ್ಸು ಭಾರವಾಗಿರುವ ದಿನವಂತೂ ಕೈಹಾಕಲೇಬೇಡಿ.

ಅಂಥ ದಿನಕ್ಕೆ ‘ಹಾಸ್ಟೆಲ್ ಹುಡುಗರು ಬೇಕಾಗಿದ್ದಾರೆ’ ಇದೆ. ನಿತಿನ್ ಕೃಷ್ಣಮೂರ್ತಿಯವರ ಮೊದಲ ಚಿತ್ರ, ಜುಲೈ 21ಕ್ಕೆ ಬಂದದ್ದು. ಹಾಸ್ಟೆಲಿನ ವಾರ್ಡನ್ ಸತ್ತು ಬಿದ್ದಿದ್ದಾನೆ, ಚೀಟಿಯಲ್ಲಿ ಹುಡುಗರ ಹೆಸರು ಬರೆದಿಟ್ಟಿದ್ದಾನೆ. ಬೆಳಗಾಗುವುದರೊಳಗೆ ಅದನ್ನು ಅಪಘಾತ ಅಂತ ತೋರಿಸಬೇಕು. ಇಷ್ಟೇ ಕಥೆ. ಒಂದು ರಾತ್ರಿ, ಒಂದು ಕಟ್ಟಡ, ಲೆಕ್ಕವಿಲ್ಲದಷ್ಟು ಹುಡುಗರು. ಬಹುತೇಕ ಎಲ್ಲರೂ ಹೊಸಬರು. ಕ್ಯಾಮೆರಾ ಒಂದು ಕಡೆ ನಿಲ್ಲುವುದಿಲ್ಲ, ಮಾತೂ ನಿಲ್ಲುವುದಿಲ್ಲ. ಮೊದಲ ಹದಿನೈದು ನಿಮಿಷ ತಲೆ ಗಿರ್ ಅನ್ನುತ್ತದೆ, ಆಮೇಲೆ ಅದೇ ಮಜಾ ಕೊಡುತ್ತದೆ. ಹಾಸ್ಟೆಲಿನಲ್ಲಿ ಇದ್ದವರಿಗೆ ಇದು ಸಿನಿಮಾ ಅನ್ನಿಸುವುದೇ ಇಲ್ಲ. ಅಪ್ಪ ಅಮ್ಮನ ಜೊತೆ ನೋಡುವುದು ಬೇಡ, ಗೆಳೆಯರನ್ನು ಕರೆಯಿರಿ.

ನಗುವೇ ಬೇಕು, ಆದರೆ ಇಷ್ಟು ಗಲಾಟೆ ಬೇಡ ಅನ್ನುವವರಿಗೆ ‘ಟಗರು ಪಲ್ಯ’. ಅಕ್ಟೋಬರ್ ಕೊನೆಗೆ ಬಂತು, ಉಮೇಶ್ ಕೆ. ಕೃಪ ನಿರ್ದೇಶನ. ಮಗಳ ಮದುವೆಗೆ ಮುಂಚೆ ಹರಕೆ ತೀರಿಸಲು ಒಂದು ಕುಟುಂಬ ಟಗರು ಹಿಡಿದುಕೊಂಡು ದೇವರ ಹತ್ತಿರ ಹೋಗುತ್ತದೆ. ಟಗರಿನ ಮೇಲೆ ತೀರ್ಥ ಚಿಮುಕಿಸುತ್ತಾರೆ. ಅದು ಮೈ ಒದರಿದರೆ ದೇವರು ಒಪ್ಪಿದ ಹಾಗೆ. ಟಗರು ಒದರುವುದಿಲ್ಲ. ಸುಮ್ನೆ ನಿಂತು ಎಲ್ಲರ ಮುಖ ನೋಡುತ್ತದೆ. ಹೊತ್ತು ಏರುತ್ತದೆ, ಹೊಟ್ಟೆ ಹಸಿಯುತ್ತದೆ, ಬೀಗರಾಗುವವರ ಮುಂದೆ ಮಾನ ಹೋಗುತ್ತದೆ. ಯಾರ ತಪ್ಪಿಗೆ ದೇವರು ಮುನಿದ ಅಂತ ಒಬ್ಬರ ಮೇಲೊಬ್ಬರು ಬೆರಳು ತೋರಿಸಲು ಶುರು ಮಾಡುತ್ತಾರೆ. ಮನೆಯೊಳಗಿನ ಗುಟ್ಟೆಲ್ಲ ಹೊರಗೆ ಬೀಳುತ್ತದೆ. ಇಡೀ ಚಿತ್ರವನ್ನು ಒಂದು ಟಗರಿನ ಮೊಂಡುತನದ ಮೇಲೆ ನಿಲ್ಲಿಸುವುದು ಸುಲಭ ಅಲ್ಲ. ಮಂಡ್ಯ ಸೀಮೆಯ ಮಾತು ಕೇಳುವುದಕ್ಕೇ ಒಂದು ಸಲ ನೋಡಬಹುದು. ನಾಗಭೂಷಣ ನಾಯಕ, ನೆನಪಿರಲಿ ಪ್ರೇಮ್ ಅವರ ಮಗಳು ಅಮೃತಾ ನಾಯಕಿ, ರಂಗಾಯಣ ರಘು ಮತ್ತು ತಾರಾ ಜೊತೆಗಿದ್ದಾರೆ. ಹಾಡುಗಳು ಮಧ್ಯೆ ಅಡ್ಡ ಬರುತ್ತವೆ, ದಾಟಿಸಿಕೊಂಡು ಹೋಗಿ.

‘ಆಚಾರ್ & ಕೋ’ ಬಗ್ಗೆ ಯಾರೂ ಜಾಸ್ತಿ ಮಾತಾಡುವುದಿಲ್ಲ, ಬೇಜಾರಾಗುತ್ತದೆ. ಸಿಂಧು ಶ್ರೀನಿವಾಸಮೂರ್ತಿ ಬರೆದು, ನಿರ್ದೇಶಿಸಿ, ತಾವೇ ಮುಖ್ಯ ಪಾತ್ರ ಮಾಡಿದ್ದಾರೆ. ಅಪ್ಪು ಕಟ್ಟಿದ ಪಿಆರ್‌ಕೆ ಸಂಸ್ಥೆಯ ನಿರ್ಮಾಣ. ಅರವತ್ತು ಎಪ್ಪತ್ತರ ದಶಕದ ಬೆಂಗಳೂರು, ಮನೆ ತುಂಬ ಮಕ್ಕಳು, ಸಂಪಾದಿಸುತ್ತಿದ್ದ ಅಪ್ಪ ಇಲ್ಲವಾಗುತ್ತಾನೆ. ಆಮೇಲೆ ಹೆಣ್ಣುಮಕ್ಕಳು ಉಪ್ಪಿನಕಾಯಿ ಹಾಕಿ ಸ್ವಂತ ಕಾಲಿನ ಮೇಲೆ ನಿಲ್ಲುವ ಕಥೆ. ದೊಡ್ಡ ತಿರುವುಗಳಿಲ್ಲ. ಅಮ್ಮ, ದೊಡ್ಡಮ್ಮ, ಅತ್ತೆ ಎಲ್ಲರನ್ನೂ ಕೂರಿಸಿ ಹಾಕಿ. ಚಿತ್ರಕ್ಕಿಂತ ಅವರು ಮಧ್ಯೆ ಮಧ್ಯೆ ಹೇಳುವ ಮಾತು ಇನ್ನೂ ಚೆನ್ನಾಗಿರುತ್ತದೆ.

ಗಂಭೀರವಾದದ್ದು ಬೇಕೆಂದರೆ ಎರಡು. ಪೃಥ್ವಿ ಕೊಣನೂರು ಅವರ ‘ಪಿಂಕಿ ಎಲ್ಲಿ?’ ಚಿತ್ರೋತ್ಸವಗಳಲ್ಲಿ ಸುತ್ತಾಡಿ ಜೂನ್‌ನಲ್ಲಿ ಥಿಯೇಟರಿಗೆ ಬಂತು. ಕೆಲಸಕ್ಕೆ ಹೋಗುವ ತಾಯಿ ಮಗುವನ್ನು ಆಯಾ ಕೈಗೆ ಕೊಟ್ಟು ಹೋಗುತ್ತಾಳೆ. ಆಯಾ ಅದನ್ನು ಭಿಕ್ಷೆ ಬೇಡುವವರಿಗೆ ಬಾಡಿಗೆಗೆ ಕೊಡುತ್ತಾಳೆ. ಒಂದು ದಿನ ಮಗು ಕಳೆದುಹೋಗುತ್ತದೆ. ಯಾರೂ ನಟಿಸುತ್ತಿದ್ದಾರೆ ಅನ್ನಿಸುವುದಿಲ್ಲ, ಯಾರೂ ಪೂರ್ತಿ ಕೆಟ್ಟವರೂ ಅಲ್ಲ. ಸಣ್ಣ ಮಗು ಇರುವ ತಂದೆ ತಾಯಿ ಸ್ವಲ್ಪ ಯೋಚಿಸಿ ನೋಡಿ. ಇನ್ನೊಂದು ಮಂಸೋರೆ ಅವರ ‘19.20.21’. ಸಂವಿಧಾನದ ಆ ಮೂರು ವಿಧಿಗಳೇ ಹೆಸರು. ಕಾಡಂಚಿನ ಮಲೆಕುಡಿಯ ಸಮುದಾಯದ ವಿದ್ಯಾರ್ಥಿಯೊಬ್ಬನನ್ನು ನಕ್ಸಲ್ ನಂಟು ಅಂತ ಹಿಡಿದು ಯುಎಪಿಎ (ಭಯೋತ್ಪಾದನೆ ತಡೆಯುವ ಕಾನೂನು) ಹಾಕಿದ, ನಿಜವಾಗಿ ನಡೆದ ಪ್ರಕರಣದಿಂದ ಹುಟ್ಟಿದ ಚಿತ್ರ. ಕೈಗೆ ಕೋಳ ಹಾಕಿಕೊಂಡೇ ಪರೀಕ್ಷೆ ಬರೆಯಲು ಹೋಗಬೇಕಾದ ಹುಡುಗ ಅವನು. ಅಲ್ಲಲ್ಲಿ ಭಾಷಣ ಜಾಸ್ತಿ, ಆದರೂ ಬಿಡಬೇಡಿ.

ರಾಜ್ ಬಿ. ಶೆಟ್ಟಿ ಆ ವರ್ಷ ಎರಡು ಕಡೆ ಕಾಣಿಸಿದರು. ‘ಟೋಬಿ’ಯಲ್ಲಿ ಮಾತು ಬಾರದ, ಸಿಟ್ಟು ಬಂದರೆ ಹಿಡಿಯಲಾಗದ ಮನುಷ್ಯ. ನಟನೆ ಜೋರು, ಚಿತ್ರ ನನಗೆ ಪೂರ್ತಿ ಹಿಡಿಸಲಿಲ್ಲ, ರಕ್ತ ಸ್ವಲ್ಪ ಜಾಸ್ತಿಯಾಯಿತು. ‘ಸ್ವಾತಿ ಮುತ್ತಿನ ಮಳೆ ಹನಿಯೇ’ ಇದಕ್ಕೆ ಪೂರ್ತಿ ಉಲ್ಟಾ. ಅವರೇ ನಿರ್ದೇಶಿಸಿದ್ದು. ಸಾವಿಗೆ ಹತ್ತಿರವಾದವರನ್ನು ನೋಡಿಕೊಳ್ಳುವ ಹಾಸ್ಪೈಸ್‌ನಲ್ಲಿ ಕೌನ್ಸೆಲರ್ ಆಗಿರುವ ಹೆಂಗಸು, ಅಲ್ಲಿಗೆ ಬರುವ ಒಬ್ಬ ರೋಗಿ. ಸಿರಿ ರವಿಕುಮಾರ್ ಅಭಿನಯ ನೋಡಬೇಕು. ಎರಡು ಗಂಟೆಯೂ ಇಲ್ಲದ ಚಿತ್ರ. ಮಳೆ ಬರುವ ಸಂಜೆಗೆ ಇಟ್ಟುಕೊಳ್ಳಿ.

ಸ್ಟಾರ್ ಸಿನಿಮಾ ಒಂದೂ ಬೇಡವಾ ಅಂತ ಕೇಳಬಹುದು. ‘ಘೋಸ್ಟ್’ ನೋಡಿ, ಶಿವಣ್ಣ ಜೈಲಿನೊಳಗೆ ನುಗ್ಗಿ ಆಡುವ ಆಟ ಟೈಮ್‌ಪಾಸ್‌ಗೆ ಮೋಸವಿಲ್ಲ. ಆದರೆ ಒಂದೇ ನೋಡುವುದಾದರೆ ವರ್ಷದ ಕೊನೆಯಲ್ಲಿ, ಡಿಸೆಂಬರ್ 29ಕ್ಕೆ ಬಂದ ‘ಕಾಟೇರ’. ದರ್ಶನ್ ಇಲ್ಲಿ ಮಚ್ಚು ಕುಡುಗೋಲು ಮಾಡುವ ಕುಲುಮೆಯವನು. ಎಪ್ಪತ್ತರ ದಶಕದ ಭೂಸುಧಾರಣೆ, ಉಳುವವನಿಗೇ ಭೂಮಿ ಅನ್ನುವ ಕಾನೂನು, ಅದನ್ನು ತಡೆಯಲು ಹೊರಟ ಜಮೀನ್ದಾರರು, ಇದೆಲ್ಲ ಬರೀ ಹಿನ್ನೆಲೆಗೆ ಇಟ್ಟ ಪರದೆ ಅಲ್ಲ, ಕಥೆಯೇ ಅದು. ಫೈಟು, ಶಿಳ್ಳೆ ಎಲ್ಲ ಇದ್ದೂ ಗೇಣಿದಾರನ ಕಷ್ಟ ಮರೆಯುವುದಿಲ್ಲ. ಮಾಸ್ತಿ ಉಪ್ಪಾರಹಳ್ಳಿಯವರ ಸಂಭಾಷಣೆಗೆ ಸಿಂಗಲ್ ಸ್ಕ್ರೀನ್ ಬೇಕು. ಆದರೆ ಥಿಯೇಟರಿನ ಓಟ ಮುಗಿದಿದೆ, ಈಗ ಮನೆಯಲ್ಲೇ ನೋಡಬೇಕು. ಏನೇ ಇರಲಿ, ‘ಮುಸ್ತಾಫಾ’ದಿಂದ ಶುರು ಮಾಡಿ.