ಓಮ್ನಿ ಬಾಗಿಲಿನ ನೆಗ್ಗು, ತುಕ್ಕು: ಪುಟ್ಟಿ ಮೊದಲೋ, ಪ್ರೈಮರ್ ಮೊದಲೋ?

ನೀವು ಕೇಳಿದ್ದು ಇದು: ಹೊನ್ನಾವರದಲ್ಲಿ ಮನೆ, 2008ರ ಓಮ್ನಿ, ಎಡಗಡೆ ಮುಂಬಾಗಿಲು ಗೇಟಿನ ಕಂಬಕ್ಕೆ ತಾಗಿ ನೆಗ್ಗಿದೆ. ಅದೇ ಬಾಗಿಲಿನ ತಳದಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಗ್ಯಾರೇಜಿನವರು "ಉಜ್ಜಿ, ಪುಟ್ಟಿ ತುಂಬಿ, ರೆಡ್ ಆಕ್ಸೈಡ್ ಹೊಡೆದು ಬಣ್ಣ ಮಾಡಿಕೊಡ್ತೇವೆ" ಅಂದಿದ್ದಾರೆ. ಯೂಟ್ಯೂಬಿನಲ್ಲಿ ಒಬ್ಬರು ಮೊದಲು ಪ್ರೈಮರ್ ಅನ್ನುತ್ತಾರೆ, ಇನ್ನೊಬ್ಬರು ಮೊದಲು ಪುಟ್ಟಿ ಅನ್ನುತ್ತಾರೆ. ಯಾರ ಮಾತು ಕೇಳಬೇಕು, ಮನೆಯಲ್ಲೇ ಮಾಡಿಕೊಳ್ಳಬಹುದಾ ಅಂತ.

ನಾನು ಕುಂದಾಪುರದ ಕಡೆ ಟಿಂಕರಿಂಗ್, ಪೇಂಟಿಂಗ್ ಕೆಲಸ ಮಾಡುವವನು. ಪುಟ್ಟಿಯೋ ಪ್ರೈಮರೋ ಅನ್ನುವುದಕ್ಕೆ ಬರುತ್ತೇನೆ, ಅದಕ್ಕೂ ಮೊದಲು ಆ ಗುಳ್ಳೆ ನೋಡಿ. ಬಾಗಿಲಿನ ತಳದ ಗುಳ್ಳೆ ಹೊರಗಿನಿಂದ ಶುರುವಾಗುವುದು ಕಡಿಮೆ. ಗಾಜಿನ ಪಕ್ಕದ ರಬ್ಬರು ಸವೆದ ಮೇಲೆ ಮಳೆನೀರು ಬಾಗಿಲಿನ ಒಳಗೆ ಇಳಿಯುತ್ತದೆ. ಅದು ಹರಿದುಹೋಗಲಿ ಅಂತಲೇ ತಳದಲ್ಲಿ ಸಣ್ಣ ತೂತುಗಳಿರುತ್ತವೆ. ಮಣ್ಣು, ಎಲೆ ಕಟ್ಟಿಕೊಂಡು ಅವು ಮುಚ್ಚಿದರೆ ನೀರು ಅಲ್ಲೇ ನಿಲ್ಲುತ್ತದೆ. ಹೊರಗಿನ ತಗಡನ್ನು ಒಳಗಿನ ಫ್ರೇಮಿನ ಸುತ್ತ ಮಡಚಿರುವ ಅಂಚು ಇದೆಯಲ್ಲ, ಆ ಮಡಿಕೆಯೊಳಗೆ ಹೊಕ್ಕ ನೀರು ಸುಲಭಕ್ಕೆ ಒಣಗುವುದಿಲ್ಲ. ಅದರ ಮೇಲೆ ನಮ್ಮ ಕಡೆಯ ಉಪ್ಪುಗಾಳಿ. ಹೊರಗೆ ಗುಳ್ಳೆ ಕಾಣುವ ಹೊತ್ತಿಗೆ ಒಳಗಿನಿಂದ ತಗಡು ತಿಂದುಹೋಗಿರುತ್ತದೆ. ಹಾಗಾಗಿ ಹೊರಗಿನಿಂದ ಎಷ್ಟು ಚೆಂದ ಬಣ್ಣ ಬಳಿದರೂ, ಒಳಗಿನ ನೀರಿಗೆ ದಾರಿ ಮಾಡದಿದ್ದರೆ ಗುಳ್ಳೆ ಮತ್ತೆ ಏಳುತ್ತದೆ.

ಒಂದು ಸ್ಕ್ರೂಡ್ರೈವರ್ ತಗೊಂಡು ಗುಳ್ಳೆಯ ಮೇಲೆ ಸ್ವಲ್ಪ ಒತ್ತಿ. ತುದಿ ಒಳಗೆ ಹೋದರೆ ಅದು ಉಜ್ಜಿ ಮುಗಿಸುವ ಕೆಲಸವಲ್ಲ, ಕತ್ತರಿಸಿ ತಗಡು ಕೂರಿಸುವ ಕೆಲಸ. ಫ್ರಿಜ್ಜಿನ ಮೇಲೆ ಅಂಟಿಸುವ ಸಣ್ಣ ಆಯಸ್ಕಾಂತವನ್ನೂ ಬಾಗಿಲಿನ ಮೇಲೆ ಆಡಿಸಿ ನೋಡಿ. ಹಿಡಿತ ಸಡಿಲವಾದ ಕಡೆ ಹಿಂದೆ ಯಾರೋ ದಪ್ಪಗೆ ಪುಟ್ಟಿ ಮೆತ್ತಿದ್ದಾರೆ ಅಂತ ಅರ್ಥ. ಸೆಕೆಂಡ್ ಹ್ಯಾಂಡ್ ಗಾಡಿಯಾಗಿದ್ದರೆ ಇದನ್ನು ಬಿಡಬೇಡಿ.

ಮೊದಲು ನೆಗ್ಗು ಎತ್ತುವುದು. ಒಳಗಿನ ಟ್ರಿಮ್ (ಬಾಗಿಲಿನ ಒಳಮೈಯ ಹೊದಿಕೆ) ಬಿಚ್ಚಿ, ಗಾಜು ಪೂರ್ತಿ ಮೇಲಕ್ಕೆ ಏರಿಸಿಕೊಳ್ಳಿ. ಇಂಥ ಬಾಗಿಲಿನ ತಗಡು ಒಂದು ಮಿಲಿಮೀಟರ್ ಕೂಡ ದಪ್ಪ ಇರುವುದಿಲ್ಲ. ಅದಕ್ಕೆ ಒಳಗಿನಿಂದ ಸುತ್ತಿಗೆಯಲ್ಲಿ ನೇರ ನೆಗ್ಗಿನ ನಡುವಿಗೆ ಬಾರಿಸಿದರೆ ಕೆಟ್ಟಿತು. ಪೆಟ್ಟು ಬಿದ್ದಾಗ ನಡು ಒಳಗೆ ಹೋಗುತ್ತದೆ, ಸುತ್ತ ಒಂದು ಏರು ಎದ್ದು ನಿಲ್ಲುತ್ತದೆ. ಆ ಏರೇ ನೆಗ್ಗನ್ನು ಹಿಡಿದಿಟ್ಟಿರುವುದು. ಹಾಗಾಗಿ ಒಳಗೆ ತಗ್ಗಿಗೆ ಡಾಲಿ (ಕೈಯಲ್ಲಿ ಹಿಡಿಯುವ ಕಬ್ಬಿಣದ ಗಟ್ಟಿ) ಒತ್ತಿ ಹಿಡಿದು, ಹೊರಗೆ ಏರಿನ ಮೇಲೆ ಸಣ್ಣ ಸಣ್ಣ ಪೆಟ್ಟು ಕೊಡುತ್ತಾ ಬರಬೇಕು. ಏರು ಇಳಿದ ಹಾಗೆ ತಗ್ಗು ತಾನೇ ಮೇಲೆ ಬರುತ್ತದೆ. ಡಾಲಿಯ ನೇರ ಮೇಲೆಯೇ ಸುತ್ತಿಗೆ ಬೀಳುವ ಪೆಟ್ಟು ಕೊನೆಗೆ, ಅದೂ ಕಡಿಮೆ. ಸುತ್ತಿಗೆಗೂ ಡಾಲಿಗೂ ನಡುವೆ ಸಿಕ್ಕ ತಗಡು ತೆಳ್ಳಗಾಗಿ ಹಿಗ್ಗುತ್ತದೆ. ಹಿಗ್ಗಿದ ತಗಡಿಗೆ ಇರುವ ಜಾಗ ಸಾಲದೆ, ಬೆರಳಲ್ಲಿ ಒತ್ತಿದರೆ ಹಳೆ ಡಬ್ಬದ ಮುಚ್ಚಳದ ಹಾಗೆ ಟಕ್ ಟಕ್ ಅನ್ನುತ್ತದೆ. ಅದನ್ನು ಕಾಯಿಸಿ ಕುಗ್ಗಿಸುವುದು ಪಳಗಿದ ಕೈಯ ಕೆಲಸ, ಮನೆಯಲ್ಲಿ ಬೇಡ. ಮಟ್ಟ ನೋಡುವುದು ಕಣ್ಣಲ್ಲಲ್ಲ, ಅಂಗೈಯಲ್ಲಿ. ತೆಳ್ಳನೆಯ ಬಟ್ಟೆ ಹಾಕಿ, ಅದರ ಮೇಲೆ ಅಂಗೈ ಚಪ್ಪಟೆಯಾಗಿಟ್ಟು ಉದ್ದಕ್ಕೆ ಜಾರಿಸಿ, ಏರುತಗ್ಗು ತಾನೇ ತಿಳಿಯುತ್ತದೆ. ಪೂರ್ತಿ ಸಮ ಆಗಬೇಕಿಲ್ಲ. ಎರಡು ಮಿಲಿಮೀಟರ್ ಒಳಗೆ ಬಂದರೆ ಉಳಿದದ್ದನ್ನು ಪುಟ್ಟಿ ನೋಡಿಕೊಳ್ಳುತ್ತದೆ. ಮೂರು ದಾಟಿದರೆ ಮತ್ತೆ ಸುತ್ತಿಗೆ ಹಿಡಿಯಿರಿ.

ತೂತು ಬಿದ್ದಿದ್ದರೆ ಗಟ್ಟಿ ತಗಡು ಸಿಗುವವರೆಗೆ ಕತ್ತರಿಸಿ, 20 ಅಥವಾ 22 ಗೇಜಿನ ತುಂಡು ಬೆಸುಗೆ ಹಾಕಿಸಬೇಕು. ಒಂದೇ ಸಮನೆ ಗೆರೆ ಎಳೆದರೆ ಬಿಸಿಗೆ ತಗಡು ಸೊಟ್ಟಗಾಗುತ್ತದೆ. ಅಲ್ಲೊಂದು ಇಲ್ಲೊಂದು ಚುಕ್ಕೆ ಇಟ್ಟು, ಆರಲು ಬಿಟ್ಟು, ಮತ್ತೆ ನಡುವೆ ಚುಕ್ಕೆ. ಬಾಗಿಲನ್ನು ಬಿಚ್ಚಿ ಗಾಡಿಯಿಂದ ದೂರ ಇಟ್ಟು ಮಾಡಿಸಿ. ಓಮ್ನಿಗೆ ಎಲ್‌ಪಿಜಿ ಕಿಟ್ ಇದ್ದರಂತೂ ಗಾಡಿಯ ಹತ್ತಿರ ಕಿಡಿ ಹಾರುವುದೇ ಬೇಡ. ತೂತಿಗೆ ಪೇಪರ್ ತುರುಕಿ ಮೇಲೆ ಪುಟ್ಟಿ ಮೆತ್ತುವ ಚಾಳಿಯೂ ಇದೆ. ಅದಕ್ಕೆ ರಿಪೇರಿ ಅನ್ನುವುದಿಲ್ಲ ಮಾರಾಯ್ರೆ.

ತೂತಿಲ್ಲ, ಬರೀ ತುಕ್ಕು ಅಂದರೆ: ಸ್ಯಾಂಡ್ ಪೇಪರ್ ಹಾಕಿ ಉಜ್ಜುವುದಕ್ಕೂ ಮೊದಲು ಸೋಪುನೀರಲ್ಲಿ ತೊಳೆದು, ಒಣಗಿಸಿ, ವ್ಯಾಕ್ಸ್ ಮತ್ತು ಗ್ರೀಸ್ ತೆಗೆಯುವ ದ್ರಾವಣ ಹಾಕಿ ಒರೆಸಿ. ಜಿಡ್ಡಿರುವಾಗಲೇ ಉಜ್ಜಿದರೆ ಅದು ಗೀರುಗಳೊಳಗೆ ಹೋಗಿ ಕೂರುತ್ತದೆ. ಆಮೇಲೆ 80 ನಂಬರ್ ಪೇಪರಿನಲ್ಲಿ ತುಕ್ಕಿಗಿಂತ ಎರಡು ಬೆರಳು ಆಚೆಯವರೆಗೂ ಬಣ್ಣ ಬಿಡಿಸಿ. ಗ್ರೈಂಡರಿಗೆ ವೈರ್ ಬ್ರಷ್ ಹಾಕಿ ಓಡಿಸಿದಾಗ ತಗಡು ಹೊಳೆಯುತ್ತದೆ. ಆ ಹೊಳಪನ್ನು ನಂಬಬೇಡಿ, ಬ್ರಷ್ ತುಕ್ಕನ್ನೂ ಪಾಲಿಶ್ ಮಾಡುತ್ತದೆ. ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಸೂಜಿಮೊನೆಯಷ್ಟು ಕಪ್ಪು ಚುಕ್ಕೆಗಳು ಕಂಡರೆ ಗುಳಿಗಳಲ್ಲಿ ತುಕ್ಕು ಇನ್ನೂ ಇದೆ. ಕಡಲತೀರದ ಗಾಡಿಯಲ್ಲಿ ಆ ಗುಳಿಗಳಲ್ಲಿ ಉಪ್ಪೂ ಇರುತ್ತದೆ. ಉಪ್ಪು ಪೇಪರಿಗೆ ಬರುವುದಿಲ್ಲ, ನೀರಿಗೆ ಬರುತ್ತದೆ. ಸಿಹಿನೀರಲ್ಲಿ ಚೆನ್ನಾಗಿ ತೊಳೆದು, ಹೀಟ್ ಗನ್ನಿನಲ್ಲಿ ಒಣಗಿಸಿ, ಇನ್ನೊಮ್ಮೆ ಉಜ್ಜಿ. ಬಾವಿ ನೀರು ಸವಳಾಗಿದ್ದರೆ ಕುಡಿಯುವ ನೀರೇ ತಗೊಳ್ಳಿ.

ಗುಳಿಯ ತಳದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಇರುವ ದ್ರಾವಣ ಸಿಗುತ್ತದೆ. ಹಚ್ಚಬಹುದು, ಆದರೆ ಡಬ್ಬದ ಮೇಲೆ ಹೇಳಿದಂತೆ ಅದನ್ನು ತೊಳೆದು ತೆಗೆಯಲೇಬೇಕು. ಆಮ್ಲ ಉಳಿದ ತಗಡಿನ ಮೇಲೆ, ಮುಂದೆ ಹಚ್ಚಲಿರುವ ಎಪಾಕ್ಸಿ (ಎರಡು ಡಬ್ಬ ಕಲಸಿ ಹಚ್ಚುವ ಪ್ರೈಮರ್) ಸರಿಯಾಗಿ ಗಟ್ಟಿಯಾಗುವುದಿಲ್ಲ, ಹಾಳೆಯಾಗಿ ಎದ್ದು ಬರುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಯೂಟ್ಯೂಬಿನ ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಇಬ್ಬರ ಪ್ರೈಮರ್ ಬೇರೆ ಬೇರೆ. ಗಾಡಿಗೆ ಹಾಕುವ ಪಾಲಿಯೆಸ್ಟರ್ ಪುಟ್ಟಿ ಗೀರಿದ ಬರಿ ತಗಡಿಗೂ ಹಿಡಿಯುತ್ತದೆ, ಗಟ್ಟಿಯಾದ ಎಪಾಕ್ಸಿ ಪ್ರೈಮರಿಗೂ ಹಿಡಿಯುತ್ತದೆ. ರೆಡ್ ಆಕ್ಸೈಡಿನ ಮೇಲೆ ಹಾಕಿದರೆ, ಪುಟ್ಟಿಯೊಳಗಿನ ಸ್ಟೈರೀನ್ ಅನ್ನುವ ದ್ರಾವಕ ಆ ಬಣ್ಣವನ್ನು ಮೆತ್ತಗೆ ಮಾಡಿ ಎಬ್ಬಿಸುತ್ತದೆ. ಆಮ್ಲ ಇರುವ ಎಚ್ ಪ್ರೈಮರಿನ ಮೇಲೂ ಪುಟ್ಟಿ ಹಾಕಬಾರದು. ಒಳನಾಡಿನ ಒಣ ಊರಾಗಿದ್ದರೆ ಬರಿ ತಗಡಿನ ಮೇಲೆ ಪುಟ್ಟಿ ಅಂದರೂ ನಾನು ಸುಮ್ಮನಿರುತ್ತಿದ್ದೆ. ಹೊನ್ನಾವರದಲ್ಲಿ ಬೇಡ. ಗಟ್ಟಿಯಾದ ಮೇಲೂ ಪುಟ್ಟಿ ನೀರು ಕುಡಿಯುತ್ತದೆ. ಕೆಳಗೆ ಬರಿ ತಗಡಿದ್ದರೆ ಆ ನೀರು ನೇರ ಕಬ್ಬಿಣಕ್ಕೇ. ಹಾಗಾಗಿ ಮೊದಲು ಎರಡು ಭಾಗದ ಎಪಾಕ್ಸಿ ಪ್ರೈಮರ್, ಅದರ ಮೇಲೆ ಪುಟ್ಟಿ, ಪುಟ್ಟಿಯ ಮೇಲೆ ಸರ್ಫೇಸರ್ (ಬಣ್ಣಕ್ಕೆ ಮುಂಚೆ ಮೈ ನಯ ಮಾಡಲು ಹೊಡೆಯುವ ಪ್ರೈಮರ್), ಆಮೇಲೆ ಬಣ್ಣ. ರೆಡ್ ಆಕ್ಸೈಡನ್ನು ಮನೆಯ ಗೇಟಿಗೆ ಇಟ್ಟುಕೊಳ್ಳಿ, ಅಲ್ಲಿ ಅದು ಚೆನ್ನಾಗಿಯೇ ಇರುತ್ತದೆ.

ಉಜ್ಜಿದ ದಿನವೇ ಎಪಾಕ್ಸಿ ಹಚ್ಚಿ ಮುಗಿಸಬೇಕು. "ನಾಳೆ ನೋಡುವಾ" ಅಂದರೆ ಬೆಳಿಗ್ಗೆಗೆ ತಗಡಿನ ಮೇಲೆ ಕಿತ್ತಳೆ ಬಣ್ಣದ ಪೊರೆ ಕೂತಿರುತ್ತದೆ. ಇದಕ್ಕೊಂದು ಲೆಕ್ಕ ಇದೆ: ತಗಡಿನ ಬಿಸಿ, ಇಬ್ಬನಿ ಕಟ್ಟುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಹೆಚ್ಚಿರಬೇಕು. ಗಾಳಿ 28 ಡಿಗ್ರಿ, ತೇವಾಂಶ ನೂರಕ್ಕೆ 85 ಅಂದರೆ ಇಬ್ಬನಿ ಕಟ್ಟುವುದು ಸುಮಾರು 25 ಡಿಗ್ರಿಗೆ. ಮಳೆಗಾಲದಲ್ಲಿ ನಮ್ಮ ಕಡೆ ಇದು ದಿನನಿತ್ಯದ ಹವೆ, ಅಂದರೆ ಆಗ ನಾವು ಗೆರೆಯ ಮೇಲೆಯೇ ನಿಂತಿರುತ್ತೇವೆ. ಡಿಸೆಂಬರಿನಿಂದ ಮಾರ್ಚ್ ಒಳಗೆ, ಬಿಸಿಲೇರಿದ ಮೇಲೆ ಶುರು ಮಾಡಿ ಸಂಜೆ ತಂಪಾಗುವ ಮೊದಲು ಮುಗಿಸಿ. ಉಜ್ಜಿದ ತಗಡನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆವರಲ್ಲೂ ಉಪ್ಪಿದೆ, ಎಷ್ಟೋ ಸಲ ತುಕ್ಕು ಬೆರಳಚ್ಚಿನ ಆಕಾರದಲ್ಲೇ ಎದ್ದದ್ದನ್ನು ನೋಡಿದ್ದೇನೆ. ಎಪಾಕ್ಸಿಯ ಎರಡು ಡಬ್ಬ ಕಲಸುವ ಅಳತೆ ಕಂಪನಿಯಿಂದ ಕಂಪನಿಗೆ ಬೇರೆ, ಅಂದಾಜಿನಲ್ಲಿ ಸುರಿಯಬೇಡಿ. ಇಷ್ಟು ಜಾಗಕ್ಕೆ ಬ್ರಷ್ಷೇ ಸಾಕು. ಗೆರೆ ಉಳಿದರೂ ಆಮೇಲೆ ಉಜ್ಜುವುದು ಇದ್ದೇ ಇದೆ.

ಮಾರನೆಯ ದಿನ ಎಪಾಕ್ಸಿ ಮೇಲೆ 120 ಪೇಪರ್ ಹಗುರಾಗಿ ಆಡಿಸಿ ಪುಟ್ಟಿ ಹಾಕಿ. 100 ಗ್ರಾಂ ಪುಟ್ಟಿಗೆ 2 ಗ್ರಾಂ ಹಾರ್ಡನರ್ (ಪುಟ್ಟಿಯನ್ನು ಗಟ್ಟಿ ಮಾಡುವ ಪೇಸ್ಟ್). ಬೇಗ ಒಣಗಲಿ ಅಂತ ಜಾಸ್ತಿ ಹಾಕಿದರೆ ಅದರೊಳಗಿನ ಪೆರಾಕ್ಸೈಡ್ ಮೇಲಿನ ಬಣ್ಣದವರೆಗೂ ಹಳದಿ ಕಲೆಯಾಗಿ ಏರಿ ಬರುತ್ತದೆ, ಓಮ್ನಿ ಬಿಳಿಯದಾದರೆ ಎದ್ದು ಕಾಣುತ್ತದೆ. ತೆಳ್ಳಗೆ ಎರಡು ಸಲ ಹಾಕಿ. ಮರದ ಪಟ್ಟಿಗೆ ಪೇಪರ್ ಸುತ್ತಿ, ಮೊದಲು 80, ಆಮೇಲೆ 180, ಒಣಗಿದ್ದರಲ್ಲೇ ಉಜ್ಜಿ. ಬರೀ ಬೆರಳಲ್ಲಿ ಪೇಪರ್ ಹಿಡಿದರೆ ಬೆರಳಿನ ತಗ್ಗೇ ಅಲ್ಲಿ ಮೂಡುತ್ತದೆ. ನೀರು ಹಾಕಿ ಉಜ್ಜುವ ವಾಟರ್ ಪೇಪರ್ ಈಗಲೇ ಬೇಡ, ಪುಟ್ಟಿ ನೀರು ಕುಡಿಯುತ್ತದೆ ಅಂದೆನಲ್ಲ. ಕಂಡ ಸಣ್ಣ ತೂತುಗಳಿಗೆ ಎರಡು ಭಾಗದ ನಯ ಪುಟ್ಟಿ ಸಿಗುತ್ತದೆ. ಟ್ಯೂಬಿನ ಎನ್‌ಸಿ (ನೈಟ್ರೋಸೆಲ್ಯುಲೋಸ್) ಪುಟ್ಟಿ ಥಿನ್ನರ್ ಆರಿ ಒಣಗುವಂಥದ್ದು, ದಪ್ಪ ಹಾಕಿದರೆ ಕೆಲ ತಿಂಗಳಾದ ಮೇಲೂ ಕುಗ್ಗಿ ಗುಳಿ ಕಾಣಿಸುತ್ತದೆ.

ಸರ್ಫೇಸರ್ ಎರಡು ಮೂರು ಕೋಟ್. ಅದು ಒಣಗಿದ ಮೇಲೆ ಕಪ್ಪು ಸ್ಪ್ರೇಯನ್ನು ದೂರದಿಂದ ಮಂಜಿನಷ್ಟು ಹಾಯಿಸಿ, 400ರಲ್ಲಿ ಉಜ್ಜಿ. ಕಪ್ಪು ಉಳಿದ ಕಡೆ ತಗ್ಗು, ಬೇಗ ತಗಡು ಕಂಡ ಕಡೆ ಏರು. ತಗಡು ಕಂಡರೆ ಅಷ್ಟು ಜಾಗಕ್ಕೆ ಮತ್ತೆ ಎಪಾಕ್ಸಿ.

ಮನೆಯಲ್ಲೇ ಮಾಡಬಹುದಾ ಅಂದರೆ, ಬ್ರಷ್ಷಿನ ಎಪಾಕ್ಸಿ ಮತ್ತು ಪುಟ್ಟಿಯವರೆಗೆ ಧಾರಾಳವಾಗಿ ಮಾಡಬಹುದು. ಗ್ಲೌಸ್ ಹಾಕಿಕೊಳ್ಳಿ, ಎಪಾಕ್ಸಿ ಚರ್ಮಕ್ಕೆ ಒಗ್ಗದೆ ಹೋದರೆ ತುರಿಕೆ ಬಿಡುವುದಿಲ್ಲ. ಪುಟ್ಟಿ ಉಜ್ಜುವಾಗ ದೂಳಿನ ಮಾಸ್ಕ್. ಆದರೆ ಎರಡು ಭಾಗದ ಸರ್ಫೇಸರ್, ಪಿಯು (ಪಾಲಿಯುರೆಥೇನ್) ಬಣ್ಣಗಳ ಹಾರ್ಡನರಿನಲ್ಲಿ ಐಸೊಸೈನೇಟ್ ಇರುತ್ತದೆ. ಸ್ಪ್ರೇ ಮಾಡುವಾಗ ಅದನ್ನು ಉಸಿರಾಡಿದರೆ ಅಸ್ತಮಾ ಹಿಡಿಯಬಹುದು. ಬಟ್ಟೆ ಮಾಸ್ಕ್ ಅದನ್ನು ತಡೆಯುವುದಿಲ್ಲ. ಅಂಗಳದಲ್ಲಿ ಮಕ್ಕಳಿರುವ ಮನೆಯಲ್ಲಂತೂ ಆ ಎರಡು ಕೆಲಸ ಪೇಂಟ್ ಬೂತ್ (ಸ್ಪ್ರೇ ಮಾಡುವ ಮುಚ್ಚಿದ ಕೋಣೆ) ಇರುವವರಿಗೆ ಬಿಡಿ.

ಎಲ್ಲವನ್ನೂ ಗ್ಯಾರೇಜಿಗೇ ಕೊಡುವುದಾದರೆ ಒಂದೇ ಷರತ್ತು ಹಾಕಿ: "ತಗಡು ಬರಿದಾದಾಗ, ಪುಟ್ಟಿ ಹಾಕುವ ಮುಂಚೆ, ನನ್ನನ್ನು ಕರೆಯಿರಿ" ಅಂತ ಅವರಿಗೆ ಹೇಳಿ. ದೂರ ಇದ್ದರೆ ಫೋಟೋ ಕಳಿಸಲು ಹೇಳಿ. ಕಪ್ಪು ಚುಕ್ಕೆ, ತೂತು, ಹಳೆ ಪುಟ್ಟಿ ಎಲ್ಲಾ ಆಗಲೇ ಕಾಣುವುದು. ಎಪಾಕ್ಸಿ ಡಬ್ಬ ನೀವೇ ತಂದುಕೊಟ್ಟರೂ ಆಗುತ್ತದೆ. ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ, ಟ್ರಿಮ್ ಮತ್ತೆ ಕೂರಿಸುವ ಮೊದಲು, ತಳದ ತೂತುಗಳಿಗೆ ತಂತಿ ಆಡಿಸಿ ಬಾಗಿಲಿನ ಒಳಗೆ ನೀರು ಸುರಿದು ನೋಡಿ, ಕೆಳಗೆ ಧಾರೆಯಾಗಿ ಬರಬೇಕು. ಎರಡು ಮೂರು ದಿನ ಒಣಗಲು ಬಿಟ್ಟು, ಒಳಗಿನ ಮಡಿಕೆಗೆ ಉದ್ದ ನಳಿಗೆ ಇರುವ ಕ್ಯಾವಿಟಿ ವ್ಯಾಕ್ಸ್ (ತುಕ್ಕು ತಡೆಯಲು ಟೊಳ್ಳು ಜಾಗಕ್ಕೆ ಹೊಡೆಯುವ ಮೇಣ) ಹೊಡೆಸಿ. ಆ ವ್ಯಾಕ್ಸಿನಿಂದ ತೂತು ಮತ್ತೆ ಮುಚ್ಚಿಕೊಂಡಿದ್ದರೆ ಅದೇ ತಂತಿ ಇನ್ನೊಮ್ಮೆ ಆಡಿಸಿ. ಗಾಜಿನ ಪಕ್ಕದ ರಬ್ಬರನ್ನೂ ಅದೇ ಹೊತ್ತಿಗೆ ಬದಲಾಯಿಸಿಬಿಡಿ.